ಗಂಜಿ ಇಳಿಯುತ್ತೆ, ನೀರು ಇಳಿಯಲ್ಲ

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಮುಗಿಸಿ ಬಂದವರಿಗೆ ಮನೆಯವರು ಮೊದಲು ಕೊಡುವುದು ನೀರು, ಎಳನೀರು, ತಿಳಿಸಾರು. ಗಟ್ಟಿ ಇಳಿಯದಿದ್ದರೆ ತೆಳು ಸಲೀಸು ಎಂಬ ಲೆಕ್ಕ. ಅನೇಕರಲ್ಲಿ ಆಗುವುದು ಉಲ್ಟಾ. ನಾರುಗಟ್ಟಿದ ಸ್ನಾಯುಗಳು ಧ್ವನಿಪೆಟ್ಟಿಗೆಯನ್ನು ಎತ್ತಿ ಶ್ವಾಸನಾಳ ಮುಚ್ಚುವಷ್ಟರಲ್ಲಿ ನೀರು ಒಳಗೆ ಜಾರಿರುತ್ತದೆ. ಗಂಟಲಿನ ಸ್ಪರ್ಶ ಮಂದವಾಗಿದ್ದರೆ ಕೆಮ್ಮೂ ಬರುವುದಿಲ್ಲ. ಹಾಗಾಗಿ ಕೆಮ್ಮಲಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಉಂಡ ಮೇಲೆ ದನಿ ಗೊಳಗೊಳ ಎನ್ನುವುದು, ಪದೇಪದೇ ಜ್ವರ, ತೂಕ ಇಳಿಕೆ ಕಂಡರೆ ವೈದ್ಯರನ್ನೂ, ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟನ್ನೂ ಕಂಡು, ಬೇರಿಯಂ ನುಂಗಿಸಿ ತೆಗೆಯುವ ಎಕ್ಸ್‌ರೇ ವಿಡಿಯೋ ಅಥವಾ ಮೂಗಿನ ಮೂಲಕದ ಎಂಡೋಸ್ಕೋಪಿ ಬಗ್ಗೆ ಕೇಳಿ. ಯಾವ ಹದ, ಯಾವ ಭಂಗಿ ಎಂಬುದು ಅಲ್ಲೇ ಗೊತ್ತಾಗಬೇಕು. ಗದ್ದ ತಗ್ಗಿಸಿ ನುಂಗಿ ಎಂಬ ಬಿಟ್ಟಿ ಸಲಹೆ ಎಲ್ಲರಿಗೂ ಹೊಂದುವುದಿಲ್ಲ.

ಹದ ಅಳೆಯಲು 10 ಮಿ.ಲೀ. ಸಿರಿಂಜು ಸಾಕು; ಸೊನ್ನೆಯಿಂದ 10ರ ಗುರುತಿಗೆ 61.5 ಮಿ.ಮೀ. ಉದ್ದವಿರಬೇಕು. ಪ್ಲಂಜರ್ ತೆಗೆದು, ತುದಿಗೆ ಬೆರಳಿಟ್ಟು, 10ರವರೆಗೆ ತುಂಬಿ, 10 ಸೆಕೆಂಡು ಬೆರಳು ತೆಗೆದು ಸೋರಲು ಬಿಟ್ಟು ಮತ್ತೆ ಮುಚ್ಚಿ. 1ರಿಂದ 4 ಮಿ.ಲೀ. ಉಳಿದರೆ ಅದು IDDSI ಎಂಬ ಅಂತರರಾಷ್ಟ್ರೀಯ ಅಳತೆಪಟ್ಟಿಯ ಮೊದಲ ಹಂತದ ದಪ್ಪ, 4ರಿಂದ 8 ಉಳಿದರೆ ಎರಡನೆಯದು, 8 ದಾಟಿ, ಸ್ವಲ್ಪವಾದರೂ ಸೋರಿದ್ದರೆ ಮೂರನೆಯದು. ರಾಗಿ ಗಂಜಿ ಬಿಸಿಯಲ್ಲಿ ತೆಳು, ಆರಿದರೆ ದಪ್ಪ. ಕುಡಿಯುವಾಗಿನ ಬಿಸಿಯಲ್ಲೇ ಅಳೆಯಿರಿ. ಗಂಟು ಉಳಿಯದಂತೆ ಸೋಸಿ. ಬಾಯಿಗಿಟ್ಟ ಚಮಚವನ್ನು ಬಟ್ಟಲಿಗೆ ಮತ್ತೆ ಮತ್ತೆ ಅದ್ದಿದರೆ ಎಂಜಲು ಪಿಷ್ಟವನ್ನು ಒಡೆದು ಗಂಜಿ ನೀರಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಳ್ಳುವುದು ಮೇಲು.

ತೆಳುವೂ ಗಟ್ಟಿಯೂ ಒಟ್ಟಿಗಿರುವ ಊಟ ಇನ್ನೂ ಕಷ್ಟ. ಅನ್ನಕ್ಕೆ ತಿಳಿಸಾರು, ಇಡ್ಲಿಗೆ ಸಾಂಬಾರು: ಅಗುಳು ಬಾಯಲ್ಲಿರುವಾಗಲೇ ರಸ ಗಂಟಲಿಗಿಳಿದಿರುತ್ತದೆ. ಮೊಸರನ್ನ ಕಿವುಚಿದರೆ ಹೊಂದುತ್ತದೆ. ಆದರೆ ಬರೀ ಅನ್ನವನ್ನು ಮಿಕ್ಸಿಗೆ ಹಾಕಬೇಡಿ, ಅಂಟಾಗಿ ಒಣಗಿದ ಬಾಯಿಯ ಅಂಗಳಕ್ಕೆ ಹಿಡಿಯುತ್ತದೆ. ಖಾರ, ಹುಳಿ, ಒಣ ಮಂಡಕ್ಕಿ ಸದ್ಯಕ್ಕೆ ಬೇಡ.

ಗುಟ್ಕಾ ಅಗಿದವರಲ್ಲಿ ಚಿಕಿತ್ಸೆಗೆ ಮೊದಲೇ ಬಾಯಿ ಬಿಗಿದಿರುವುದುಂಟು. ಮುಂದಿನ ಹಲ್ಲುಗಳ ನಡುವೆ 35 ಮಿ.ಮೀ., ಅಂದರೆ ಹೆಚ್ಚುಕಡಿಮೆ ತಮ್ಮದೇ ಮೂರು ಬೆರಳು, ತೂರದಿದ್ದರೆ ಬಾಯಿ ತೆರೆಯುವ ವ್ಯಾಯಾಮ ಕಲಿಸಿಕೊಳ್ಳಿ. ಬಿಗಿತ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಹೆಚ್ಚಬಹುದು. ಟ್ಯೂಬಿನಲ್ಲಿ ಊಟ ಹೋಗುತ್ತಿದ್ದರೂ, ಥೆರಪಿಸ್ಟ್ ಒಪ್ಪಿದಷ್ಟನ್ನು ದಿನವೂ ನುಂಗುತ್ತಿರಬೇಕು. ಕೆಲಸವಿಲ್ಲದ ಸ್ನಾಯು ಬೇಗ ಸೊರಗುತ್ತದೆ.

ಶ್ವಾಸಕೋಶಕ್ಕೆ ಜಾರುವ ಹನಿಯ ಜೊತೆ ಬಾಯಿಯ ಬ್ಯಾಕ್ಟೀರಿಯಾವೂ ಹೋಗುತ್ತದೆ, ನ್ಯುಮೋನಿಯಾ ಬರುವುದು ಹೀಗೆ. ಬಾಯಿಂದ ಏನೂ ತಿನ್ನದವರಿಗೂ ಹಲ್ಲುಜ್ಜಿಸಿ. ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಬೆರೆಸಿ ಮುಕ್ಕಳಿಸಿ ಉಗಿಯಲು ಕೊಡಿ. ಮುಕ್ಕಳಿಸಲಾಗದವರಿಗೆ ಅದರಲ್ಲೇ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ.