ಫ್ಯಾನ್ ನಿಲ್ಲಿಸಿದ ಮಧ್ಯಾಹ್ನ

ಚಿತ್ರಕ್ಕೆ ಚಿನ್ನದ ರೇಕು ಅಂಟಿಸುವ ದಿನ ನನಗೆ ಚಿತ್ರಕಲೆ ಕಲಿಸುವ ಮೇಷ್ಟ್ರ ಮನೆಯಲ್ಲಿ ಫ್ಯಾನ್ ಹಾಕುವಂತಿಲ್ಲ. ಕಿಟಕಿಯೂ ಮುಚ್ಚಿರಬೇಕು. ಅವತ್ತು ಏಪ್ರಿಲ್ ತಿಂಗಳ ಭಾನುವಾರ. ಅಗ್ರಹಾರದ ಹಳೆಯ ಮನೆ, ಮಧ್ಯಾಹ್ನ ಎರಡು ಗಂಟೆ. ಸೆಕೆ ಹೇಗಿತ್ತೆಂದು ಮೈಸೂರಿನವರಿಗೆ ಹೇಳಬೇಕಿಲ್ಲ ಅಲ್ವಾ?

ನನ್ನ ಮುಂದೆ ಸರಸ್ವತಿಯ ಚಿತ್ರ. ಮುಖಕ್ಕೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಹಿಂದಿನ ಮೂರು ವಾರ ಬರೀ ಗೆಸ್ಸೊ ಕೆಲಸ, ಅಂದರೆ ರೇಕಿನ ಕೆಳಗೆ ಉಬ್ಬು ಬರಿಸುವ ಲೇಪ. ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಹಳದಿ ರಾಳ, ಗೋಂದು ಸೇರಿಸಿ ನುಣ್ಣಗೆ ಅರೆದು, ಸಣ್ಣ ಕುಂಚದಲ್ಲಿ ತೆಗೆದು, ಬಳೆ, ಹಾರ, ಕಿರೀಟ, ಸೀರೆಯಂಚಿನ ಮೇಲೆ ಎಳೆ ಎಳೆಯಾಗಿ ಇಡಬೇಕು. ತಂಜಾವೂರು ಚಿತ್ರಗಳಲ್ಲಿ ಇದು ದಪ್ಪಗೆ ಉಬ್ಬಿರುತ್ತದೆ. ನಮ್ಮ ಮೈಸೂರು ಶೈಲಿಯಲ್ಲಿ ತೀರಾ ತೆಳು, ಬೆರಳಾಡಿಸಿದರೆ ಗೊತ್ತಾಗುವಷ್ಟು. ನನಗೆ ಈ ಶೈಲಿ ಹಿಡಿಸಿದ್ದೇ ಅದಕ್ಕೆ.

ಬೆಳಿಗ್ಗೆ ಫೋನಿನಲ್ಲಿ ತಂಗಿಯ ಜೊತೆ ಜೋರು ಮಾತಾಗಿತ್ತು. ಅದು ತಲೆಯಲ್ಲೇ ಸುತ್ತುತ್ತಿತ್ತು. ಮೊದಲನೇ ರೇಕು ನನ್ನ ಉಸಿರಿಗೇ ಹಾರಿ ಮಡಚಿಕೊಂಡಿತು. ಎರಡನೆಯದು ಬೆರಳಿಗೆ ಮೆತ್ತಿಕೊಂಡು ಹರಿಯಿತು. ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಬೈಯಲಿಲ್ಲ. "ಶ್ಲೋಕ ಹೇಳಿಕೊಳ್ಳಿ ಅಮ್ಮ, ನಿಧಾನಕ್ಕೆ. ಉಸಿರು ಪೂರ್ತಿ ಹೊರಗೆ ಹೋದ ಮೇಲೆ ರೇಕು ಇಡಿ" ಎಂದರು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳಿವೆ. ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ಇಂಥದ್ದೆಲ್ಲ ಆ ಶ್ಲೋಕಗಳಲ್ಲೇ ಸಿಗುತ್ತದೆ. ನಾನು ಸರಸ್ವತಿಯ ಶ್ಲೋಕ ಬಾಯಿಪಾಠ ಮಾಡಿದ್ದು ವೀಣೆ, ಪುಸ್ತಕ, ಜಪಮಾಲೆ ಎಲ್ಲೆಲ್ಲಿ ಬರಬೇಕೆಂದು ಮರೆಯದಿರಲಿ ಅಂತ. ಅದನ್ನು ಹೇಳುತ್ತಾ ಕೂರಬಹುದೆಂದು ಹೊಳೆದೇ ಇರಲಿಲ್ಲ.

ಅರ್ಧ ಸಾಲು ಹೇಳಿದೆ. ಉಸಿರು ಮುಗಿಯಿತು. ಒಂದು ಬಳೆಯ ಮೇಲೆ ರೇಕು ಇಟ್ಟೆ. ಹತ್ತಿಯಿಂದ ಮೆಲ್ಲಗೆ ಒತ್ತಿದೆ. ಕೂತಿತು. ಮತ್ತೆ ಅರ್ಧ ಸಾಲು, ಇನ್ನೊಂದು ಬಳೆ.

ಎರಡು ವರ್ಷದಿಂದ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದೇನೆ. ಕಣ್ಣು ಮುಚ್ಚಿದರೆ ಸಾಕು, ಆಫೀಸು, ಮನೆ ಬಾಡಿಗೆ, ಅವರಿವರ ಮಾತು ಎಲ್ಲ ಬಂದು ಎದುರಿಗೆ ಕೂರುತ್ತವೆ. ಅವತ್ತು ನನ್ನ ಕಣ್ಣು ತೆರೆದೇ ಇತ್ತು. ಬಳೆ ಬಿಟ್ಟು ಬೇರೇನೂ ಕಾಣಲಿಲ್ಲ. ಬಳೆ ಮುಗಿದು ಹಾರ, ಹಾರ ಮುಗಿದು ಕಿರೀಟ. ಎದೆಯಲ್ಲಿದ್ದ ಭಾರ ಯಾವಾಗ ಇಳಿಯಿತೋ ತಿಳಿಯಲಿಲ್ಲ. ತಂಗಿಯ ನೆನಪು ನಡುವೆ ಒಮ್ಮೆ ಬಂತು, ಚಿಕ್ಕಂದಿನ ಮುಖ. ಸಿಟ್ಟು ಬರಲಿಲ್ಲ. ಕೈ ನಡುಗಲಿಲ್ಲ.

ಕೊನೆಯ ರೇಕು ಪೀಠದ ಅಂಚಿಗೆ. ತಲೆ ಎತ್ತಿದರೆ ಐದೂವರೆ. ಬೆನ್ನಿಗೆ ಸೀರೆ ಅಂಟಿತ್ತು. ಮುಖವಿಲ್ಲದ ಸರಸ್ವತಿ ಮುಚ್ಚಿದ ಕೋಣೆಯ ಮಬ್ಬು ಬೆಳಕಿನಲ್ಲಿ ಸುಮ್ನೆ ಹೊಳೆಯುತ್ತಿದ್ದಳು.

ಮೇಷ್ಟ್ರು ಫ್ಯಾನ್ ಹಾಕಲು ಎದ್ದರು.

"ಇನ್ನೊಂದು ಸ್ವಲ್ಪ ಹೊತ್ತು ಬೇಡ ಮೇಷ್ಟ್ರೇ" ಎಂದೆ.