ಮುತ್ತಜ್ಜಿ 1876ರಲ್ಲಿ ಸತ್ತಿರ್ಲಿಲ್ಲ

ನಮ್ಮತ್ತೆ ಇಂಗ್ಲೆಂಡಿನವರು, ಅವರ ಮನೆ ಕಪಾಟಲ್ಲಿ ಒಂದು ಹಳೇ ಬೈಬಲ್ ಇದೆ, ಎತ್ತೋಕೆ ಎರಡು ಕೈ ಬೇಕು, ಅಷ್ಟು ದಪ್ಪ. ಮನೆಯವರ ಹುಟ್ಟು ಮದುವೆ ಸಾವು ಎಲ್ಲಾ ಬೈಬಲ್ ಪುಟದಲ್ಲಿ ಬರೆದಿಡೋದು ಇಂಗ್ಲೆಂಡಲ್ಲಿ ಆಗಿನ ಕಾಲದ ರೂಢಿ. ಅದ್ರಲ್ಲಿ 1876ರಲ್ಲಿ ಅತ್ತೆಯ ಅಜ್ಜ ಹುಟ್ಟಿದ್ದು ಬರೆದಿದೆ, ಅದ್ರ ಕೆಳಗೇ, ಅದೇ ಕೈಬರಹದಲ್ಲಿ, ಆ ಅಜ್ಜನ ತಾಯಿ, ಅಂದ್ರೆ ಈ ಮುತ್ತಜ್ಜಿ, ತೀರಿಕೊಂಡಿದ್ದು. ಹೆರಿಗೇಲಿ ಹೋದ್ರು ಅಂತ ಅತ್ತೆಗೆ ಅವರಪ್ಪ ಹೇಳಿದ್ರಂತೆ, ಅವರಿಗೆ ಅವರಪ್ಪ.

ಆದ್ರೆ ಸಾವಿಗೆ ಬರೀ ಇಸವಿ ಇದೆ, ತಾರೀಖಿಲ್ಲ. ಮಗು ಹುಟ್ಟಿದ ಗಂಟೆ ಸಮೇತ ಬರೆದಿಟ್ಟ ಮನುಷ್ಯ ಹೆಂಡತಿ ಸತ್ತ ದಿನಾನೇ ಬರೆಯದೆ ಬಿಡ್ತಾನಾ? ಇದು ನನ್ನ ತಲೇಲಿ ಹುಳ ಬಿಟ್ಟಿತು.

ಇಂಗ್ಲೆಂಡ್ ಮತ್ತು ವೇಲ್ಸಲ್ಲಿ 1837 ಜುಲೈ 1ರಿಂದ ಹುಟ್ಟು ಸಾವು ಸರ್ಕಾರಿ ರಿಜಿಸ್ಟರಲ್ಲಿ ಇದೆ, ಹಾಗಾಗಿ ಸತ್ತಿದ್ರೆ ಸಿಗಲೇಬೇಕು ಅಂತ ಹೊರಟೆ. ಅವರಿದ್ದ ಲ್ಯಾಂಕಶೈರ್ ಕೌಂಟೀಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಆ ಹೆಸರಿನ ಹೆಂಗಸರು ಬೀದಿಗೊಬ್ಬರು. ವಯಸ್ಸು ಸುಮಾರಾಗಿ ಹೊಂದೋ ಮೂರು ಡೆತ್ ಸರ್ಟಿಫಿಕೇಟ್ ದುಡ್ಡು ಕೊಟ್ಟು ತರಿಸಿದೆ. ಒಬ್ಬಳು ಕಲ್ಲಿದ್ದಲು ಗಣಿಯವನ ಹೆಂಡತಿ, ಇನ್ನೊಬ್ಬಳು ಹೆಂಡದಂಗಡಿಯವನ ಹೆಂಡತಿ, ಮೂರನೆಯವಳಿಗೆ ಮದುವೇನೇ ಆಗಿರ್ಲಿಲ್ಲ. ನಮ್ಮ ಮುತ್ತಜ್ಜ ಹತ್ತಿ ಮಿಲ್ಲಲ್ಲಿ ನೇಯೋನು.

ಸರಿ, ಸೆನ್ಸಸ್ ಹಿಡಿದೆ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ, ಎಲ್ಲರ ಹೆಸರು ಬರೆಯೋಕೆ ಶುರುವಾಗಿದ್ದು 1841ರಲ್ಲಿ, ಯಾರು ಯಾರಿಗೇನಾಗಬೇಕು ಅಂತ ಬರೆಯೋಕೆ ಶುರುವಾಗಿದ್ದು 1851ರಲ್ಲಿ. 1871ರಲ್ಲಿ ಗಂಡ ಹೆಂಡ್ತಿ ಇಬ್ಬರೇ, ಇಬ್ರೂ ಮಿಲ್ಲಲ್ಲಿ ಮಗ್ಗದ ಕೆಲಸ. 1881ರಲ್ಲಿ ಅವನು, ನಾಲ್ಕು ವರ್ಷದ ಮಗ, ಮತ್ತೆ ಮನೆ ನೋಡಿಕೊಳ್ಳೋಳು ಅಂತ ಒಬ್ಬ ಹೆಂಗಸು, ಅವನ ಹೆಸರಿನ ಮುಂದೆ 'ವಿಧುರ' ಅಂತ. 1891ಕ್ಕೆ ಅದೇ ಹೆಂಗಸು 'ಹೆಂಡತಿ' ಆಗಿದಾಳೆ, ಇನ್ನೆರಡು ಮಕ್ಕಳು ಬೇರೆ. ಆದ್ರೆ ಇವರಿಬ್ಬರ ಮದುವೆ ರಿಜಿಸ್ಟರಲ್ಲಿ ಎಲ್ಲೂ ಇಲ್ಲ. ಹೆಂಡ್ತಿ ಸತ್ತ ದಾಖಲೆ ಇಲ್ಲ, ಎರಡನೇ ಮದುವೆ ದಾಖಲೆಯೂ ಇಲ್ಲ, ಮೊದಲನೆಯದು ಇಲ್ಲದಿರೋದಕ್ಕೇ ಎರಡನೆಯದೂ ಇಲ್ಲ ಅನ್ನೋದು ನಂಗೆ ಹೊಳೆಯೋಕೆ ಅಷ್ಟು ದಿನ ಬೇಕಾಯ್ತು ನೋಡಿ, ಎಂಥಾ ದಡ್ಡಿ ನಾನು.

ಸೆನ್ಸಸಲ್ಲಿರೋದನ್ನ ಕಣ್ಮುಚ್ಚಿ ನಂಬಬಾರ್ದು. ಫಾರಂ ತುಂಬಿಸೋದು ಮನೆ ಯಜಮಾನ, ಗಣತಿಯವನು ಅದನ್ನ ತನ್ನ ಪುಸ್ತಕಕ್ಕೆ ಕಾಪಿ ಮಾಡ್ಕೊಳ್ತಿದ್ದ ಅಷ್ಟೇ. ನಾವೀಗ ನೋಡೋದು ಆ ಕಾಪಿ, ಮನೆಯವರೇ ತುಂಬಿದ ಫಾರಂ ಉಳಿದಿರೋದು 1911ರಿಂದ. ಹಾಗಾಗಿ 'ವಿಧುರ' ಅನ್ನೋದು ಮುತ್ತಜ್ಜನ ಕೈಬರಹ ಅಲ್ಲದೇ ಇರಬಹುದು, ಮಾತಂತೂ ಅವನದ್ದೇ.

'ಸಾವು ಸಿಗದ ಹೆಂಗಸನ್ನ ಹುಚ್ಚಾಸ್ಪತ್ರೆ ರಿಜಿಸ್ಟರಲ್ಲಿ ಹುಡುಕಮ್ಮಾ' ಅಂತ ಹೇಳಿದ್ದು ಲೈಬ್ರರೀಲಿ ವಂಶಾವಳಿ ಹುಡುಕೋರಿಗೆ ಸಹಾಯ ಮಾಡೋ ಒಬ್ಬ ತಾತ. ಲಂಡನ್ನಿನ ಕ್ಯೂ ಅನ್ನೋ ಕಡೆ ಇರೋ ನ್ಯಾಷನಲ್ ಆರ್ಕೈವ್ಸಲ್ಲಿ ಎಂಎಚ್ 94 ಅನ್ನೋ ನಂಬರಲ್ಲಿ ಒಂದು ರಿಜಿಸ್ಟರ್ ಸಾಲಿದೆ, 1846ರಿಂದ ಶುರು. ಯಾವುದೇ ಹುಚ್ಚಾಸ್ಪತ್ರೆಗೆ ಯಾರೇ ಸೇರಿದ್ರೂ ಲಂಡನ್ನಲ್ಲಿದ್ದ, ಹುಚ್ಚಾಸ್ಪತ್ರೆಗಳ ಮೇಲೆ ಕಣ್ಣಿಡೋ ಸರ್ಕಾರಿ ಲೂನಸಿ ಕಮಿಷನರ್‌ಗಳಿಗೆ ಸುದ್ದಿ ಹೋಗಬೇಕಿತ್ತು, ಅದನ್ನೆಲ್ಲಾ ಬರೆದಿಟ್ಟ ಪುಸ್ತಕಗಳವು. ಹೆಸರು, ಯಾವ ಆಸ್ಪತ್ರೆ, ಸೇರಿದ ದಿನ, ಬಿಟ್ಟ ದಿನ ಇಲ್ಲಾ ಸತ್ತ ದಿನ. ಒಂದು ಸಲ ಸೇರಿದ್ದಕ್ಕೆ ಒಂದೇ ಒಂದು ಸಾಲು. 1912ರವರೆಗಿನದು ಆನ್‌ಲೈನಲ್ಲೇ ಸಿಗುತ್ತೆ.

ಸಿಕ್ಕಿದಳು. 1877 ಫೆಬ್ರವರಿ. ಅಂದ್ರೆ ಕೂಸಿಗೆ ಮೂರು ತಿಂಗಳು.

ಅದೇ ಸಾಲಿನ ಕೊನೇಲಿ ಮುಂದಿನ ವರ್ಷದ ಒಂದು ತಾರೀಖು, ಡಿಸ್ಚಾರ್ಜ್, 'ಸುಧಾರಿಸಿಲ್ಲ' ಅಂತ. ಇಲ್ಲಿ ನಾನು ಚೆನ್ನಾಗಿ ಬೇಸ್ತು ಬಿದ್ದೆ. ಡಿಸ್ಚಾರ್ಜ್ ಅಂದ್ರೆ ಮನೆಗೆ ಕಳಿಸಿದ್ರು ಅಂದ್ಕೊಂಡು ಅವಳ ತವರು, ಅಕ್ಕತಂಗಿಯರ ಮನೆ, ಗತಿಯಿಲ್ಲದ ಬಡವರನ್ನ ಇಟ್ಕೊಳ್ತಿದ್ದ ವರ್ಕ್‌ಹೌಸ್ ಎಲ್ಲಾ ಎರಡು ತಿಂಗಳು ಜಾಲಾಡಿದೆ. ಆಮೇಲೆ ಗೊತ್ತಾಯ್ತು, ಆಸ್ಪತ್ರೆ ಬಿಡೋರನ್ನ ಬರೆಯೋಕೆ ಇದ್ದಿದ್ದೇ ನಾಲ್ಕು ಬಗೆ: ಗುಣವಾಯ್ತು, ಸ್ವಲ್ಪ ವಾಸಿ, ಸುಧಾರಿಸಿಲ್ಲ, ಸತ್ತರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದ್ರೂ ಮೊದಲನೆಯ ಕಡೆ ಅದು ಡಿಸ್ಚಾರ್ಜೇ! ಅದೇ ರಿಜಿಸ್ಟರಲ್ಲಿ ಅದೇ ವಾರದಲ್ಲಿ ಹುಡುಕಿದ್ರೆ ಪಕ್ಕದ ಕೌಂಟಿಯ ಆಸ್ಪತ್ರೆಗೆ ಸೇರಿದ ಇನ್ನೊಂದು ಸಾಲು ಇತ್ತು. ಲ್ಯಾಂಕಶೈರಲ್ಲಿ ಆಗ್ಲೇ ಲ್ಯಾಂಕಸ್ಟರ್, ಪ್ರೆಸ್ಟ್ವಿಚ್, ರೇನ್‌ಹಿಲ್, ವಿಟಿಂಗ್‌ಹ್ಯಾಮ್ ಅಂತ ನಾಲ್ಕು ಕೌಂಟಿ ಆಸ್ಪತ್ರೆ ಇದ್ವು. ಆಗಿನ ಆಸ್ಪತ್ರೆಗಳು ಜಾಗ ಸಾಲದೆ ಹೋದಾಗ ದುಡ್ಡು ಕೊಟ್ಟು ರೋಗಿಗಳನ್ನ ಬೇರೆ ಕೌಂಟಿಗೆ ಸಾಗಹಾಕೋದು ಮಾಮೂಲು.

ಜಾಗ ಯಾಕೆ ಸಾಲ್ತಿರ್ಲಿಲ್ಲ ಅಂದ್ರೆ, 1845ರ ಕಾಯ್ದೆ ಬಂದು ಪ್ರತಿ ಕೌಂಟಿಗೂ ಬಡವರಿಗೊಂದು ಹುಚ್ಚಾಸ್ಪತ್ರೆ ಕಡ್ಡಾಯ ಆಯ್ತು. 1874ರಿಂದ, ಅಲ್ಲಿಗೆ ಕಳಿಸಿದ ಪ್ರತಿ ಬಡ ರೋಗಿಗೆ ವಾರಕ್ಕೆ 4 ಶಿಲಿಂಗ್ ಸರ್ಕಾರದ ಸಹಾಯಧನ. ವರ್ಕ್‌ಹೌಸಲ್ಲಿ ಇಟ್ಕೊಂಡ್ರೆ ಪೂರ್ತಿ ಖರ್ಚು ಊರಿನ ತೆರಿಗೆ ಮೇಲೆ, ಆಸ್ಪತ್ರೆಗೆ ಕಳಿಸಿದ್ರೆ ಒಂದಿಷ್ಟು ಭಾರ ಸರ್ಕಾರದ್ದು, ಯಾರು ತಾನೆ ಇಟ್ಕೊಳ್ತಾರೆ. 1850ರಲ್ಲಿ ಇಂಥ ಆಸ್ಪತ್ರೆಗಳಲ್ಲಿ 7 ಸಾವಿರದ ಆಸುಪಾಸು ಇದ್ದ ಜನ 1900ರ ಹೊತ್ತಿಗೆ 70 ಸಾವಿರ ದಾಟಿದ್ರು.

ಎರಡನೇ ಆಸ್ಪತ್ರೆಯ ಹೆಸರಿಟ್ಕೊಂಡು 1881ರ ಸೆನ್ಸಸ್ ತೆಗೆದ್ರೆ ಅವಳು ಅಲ್ಲೇ ಇದ್ದಳು. ಹೆಸರು ಮಾತ್ರ ಇಲ್ಲ. ಎಷ್ಟೋ ಹುಚ್ಚಾಸ್ಪತ್ರೆಗಳು ರೋಗಿಗಳ ಮರ್ಯಾದೆ ಉಳಿಸೋಕೆ ಅಂತ ಬರೀ ಇನಿಷಿಯಲ್ ಬರೆಸ್ತಿದ್ವು, ಅದಕ್ಕೇ ಹೆಸರು ಟೈಪ್ ಮಾಡಿ ಹುಡುಕಿದ್ರೆ ಜನ್ಮದಲ್ಲಿ ಸಿಗಲ್ಲ. ಎರಡು ಅಕ್ಷರ, ವಯಸ್ಸು 31, ವಿವಾಹಿತೆ, ಹತ್ತಿ ನೇಯುವವಳು, ಹುಟ್ಟಿದ ಊರು ಗೊತ್ತಿಲ್ಲ, ಕೊನೇ ಕಾಲಮ್ಮಲ್ಲಿ 'ಲೂನಾಟಿಕ್'. ಕುರುಡರು ಕಿವುಡರು ಅಂತ ಬರೆಯೋ ಆ ಕಾಲಮ್ಮಿಗೆ ಬುದ್ಧಿ ಕೆಟ್ಟವರನ್ನೂ ಸೇರಿಸಿದ್ದು 1871ರಲ್ಲಿ. 1881ರ ಗಣತಿ ನಡೆದಿದ್ದು ಏಪ್ರಿಲ್ 3ರ ರಾತ್ರಿ ಲೆಕ್ಕಕ್ಕೆ. ಒಂದೇ ರಾತ್ರಿ, ಗಂಡನ ಮನೇಲಿ ಅವಳು ಸತ್ತವಳು, ಆಸ್ಪತ್ರೇಲಿ ವಿವಾಹಿತೆ. ಈ ಎರಡು ಪುಟ ಅಕ್ಕಪಕ್ಕ ಸ್ಕ್ರೀನಲ್ಲಿ ಇಟ್ಕೊಂಡು ನಾನು ಆವತ್ತು ಅಡುಗೇನೇ ಮಾಡ್ಲಿಲ್ಲ.

ರೋಗಿಗಳ ಬಗ್ಗೆ ಆಸ್ಪತ್ರೆಯವರು ಬರೀತಿದ್ದ ಕೇಸ್‌ಬುಕ್ ಇದ್ದಿದ್ದು ಆ ಕೌಂಟಿಯ ರೆಕಾರ್ಡ್ ಆಫೀಸಲ್ಲಿ. ರೋಗಿಗಳ ದಾಖಲೆ 100 ವರ್ಷ ಮುಚ್ಚಿಟ್ಟಿರ್ತಾರೆ, ಇದು ಅಷ್ಟು ಹಳೇದಾದ್ದರಿಂದ ಕೊಟ್ರು. ಅತ್ತೇನೂ ಬಂದ್ರು. ಪೆನ್ ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ, ಪುಸ್ತಕದ ಬೆನ್ನು ಮುರೀಬಾರ್ದು ಅಂತ ಸ್ಪಂಜಿನ ದಿಂಬಿನ ಮೇಲಿಟ್ಟು ತೆರೀಬೇಕು. ಫೋಟೋ ಇರಬಹುದು ಅಂತ ಅತ್ತೆಗೆ ಬಹಳ ಆಸೆ ಇತ್ತು. ಸರ್ರೆ ಕೌಂಟಿ ಆಸ್ಪತ್ರೇಲಿ ಹ್ಯೂ ವೆಲ್ಚ್ ಡೈಮಂಡ್ ಅನ್ನೋ ಡಾಕ್ಟರು 1850ರ ದಶಕದಲ್ಲೇ ರೋಗಿಗಳ ಫೋಟೋ ತೆಗೀತಿದ್ರು, ಆಮೇಲೆ ಬೇರೆ ಕಡೇನೂ ಕೇಸ್‌ಬುಕ್ಕಿಗೆ ಅಂಟಿಸೋರು. ನಮ್ಮ ಪುಟದಲ್ಲಿ ಇರ್ಲಿಲ್ಲ.

ಬಡವರನ್ನ ಸೇರಿಸೋಕೆ ಒಬ್ಬ ಮ್ಯಾಜಿಸ್ಟ್ರೇಟ್ ಆರ್ಡರು, ಒಬ್ಬ ಡಾಕ್ಟರ ಸರ್ಟಿಫಿಕೇಟು ಸಾಕಿತ್ತು. ಆ ಸರ್ಟಿಫಿಕೇಟಲ್ಲಿ ಎರಡು ಭಾಗ ಇರುತ್ತೆ, ಡಾಕ್ಟರು ತಾನೇ ಕಂಡದ್ದು ಒಂದು, ಬೇರೆಯವರು ಹೇಳಿದ್ದು ಇನ್ನೊಂದು. ಕೇಸ್‌ಬುಕ್ಕಿನ ಮೊದಲ ಪುಟಕ್ಕೆ ಅದನ್ನ ಇಳಿಸಿಕೊಂಡಿದ್ರು. ಡಾಕ್ಟರು ಕಂಡದ್ದು: ಈ ಮಗು ತನ್ನದಲ್ಲ, ಯಾರೋ ಬದಲಾಯಿಸಿದಾರೆ ಅಂತಾಳೆ, ನಿದ್ದೆ ಇಲ್ಲ. ಗಂಡ ಹೇಳಿದ್ದು: ರಾತ್ರಿ ಬಾಗಿಲು ತೆಗೆದು ತನ್ನ ಮಗುವನ್ನ ಹುಡುಕ್ಕೊಂಡು ಹೋಗ್ತಾಳೆ, ಬರಿಗಾಲಲ್ಲಿ. ಕಾರಣ ಅನ್ನೋ ಕಡೆ: ಹೆರಿಗೆ. ನಮ್ಮ ಕಡೆ ಇದಕ್ಕೆ ಬಾಣಂತಿ ಸನ್ನಿ ಅಂತಾರಲ್ಲ, ಅದೇ. ಅತ್ತೆಗೆ ಆ ಪದ ಹೇಳಿಕೊಟ್ಟೆ, ಅವರು ಎರಡು ಸಲ ಹೇಳಿ ನೋಡಿದ್ರು.

ಹೊಟ್ಟೆ ಉರಿಯೋದು ಏನಂದ್ರೆ ಆ ಕಾಲದಲ್ಲೂ ಬಾಣಂತಿ ಸನ್ನಿ ಬಂದವರಲ್ಲಿ ಹೆಚ್ಚಿನವರು ಕೆಲವು ತಿಂಗಳಲ್ಲೇ ಗುಣವಾಗಿ ಮನೆಗೆ ಹೋಗ್ತಿದ್ರು. ಇವಳದ್ದೂ ಮೊದಮೊದಲು ವಾರವಾರ ಬರೆದಿದಾರೆ, ಊಟ ಮಾಡಿದಳು, ಅತ್ತಳು, ಮಗು ಕೇಳಿದಳು. ಆಮೇಲೆ ತಿಂಗಳಿಗೊಮ್ಮೆ. 1880 ದಾಟಿದ ಮೇಲೆ ವರ್ಷಕ್ಕೆ ಒಂದೇ ಸಾಲು: ಬದಲಾವಣೆ ಇಲ್ಲ, ಲಾಂಡ್ರೀಲಿ ಚೆನ್ನಾಗಿ ಕೆಲಸ ಮಾಡ್ತಾಳೆ. ಇಂಥಾ ಸಾಲುಗಳು 1906ರವರೆಗೆ ಇವೆ, ಇಪ್ಪತ್ತಾರು ವರ್ಷಕ್ಕೆ ಎರಡೂವರೆ ಪುಟ.

ಮುತ್ತಜ್ಜನ ಮೇಲೆ ನಂಗೆ ಕೆಂಡದಂಥ ಸಿಟ್ಟು ಬಂತು, ಅತ್ತೆಗೆ ಅಷ್ಟು ಬರ್ಲಿಲ್ಲ. ಅವರು ಹೇಳಿದ್ದೂ ಸರೀನೇ ಇರಬಹುದು, ಮೂರು ತಿಂಗಳ ಕೂಸಿಟ್ಕೊಂಡು ಮಿಲ್ಲಿಗೆ ಹೋಗೋ ಗಂಡಸು ಏನು ಮಾಡಬೇಕಿತ್ತು. ಡಿವೋರ್ಸ್ ಕೊಡೋ ಹಾಗೂ ಇರ್ಲಿಲ್ಲ. 1857ರಲ್ಲಿ ಕೋರ್ಟ್ ಡಿವೋರ್ಸ್ ಬಂದ್ರೂ ವಾಸಿಯಾಗದ ಹುಚ್ಚು ಅನ್ನೋ ಕಾರಣ ಅದಕ್ಕೆ ಸೇರಿದ್ದು 1937ರ ಕಾಯ್ದೇಲಿ. ಹೆಂಡ್ತಿ ಬದುಕಿರೋದು ಗೊತ್ತಿದ್ದೂ ಚರ್ಚಿಗೆ ಹೋಗಿ ಇನ್ನೊಂದು ಮದುವೆ ಆದ್ರೆ ಜೈಲು. ಅದಕ್ಕೇ ರಿಜಿಸ್ಟರಲ್ಲಿ ಸುಳ್ಳು ಹೇಳದೆ ಬೈಬಲ್ಲಲ್ಲಿ ಹೇಳಿದ್ದಾನೆ, ಪುಣ್ಯಾತ್ಮ. ಇಷ್ಟೆಲ್ಲಾ ಒಪ್ಕೊಂಡ ಮೇಲೂ ಮಗನಿಗೆ ಹೇಳಬಹುದಿತ್ತು ಅಂತ ನಂಗನ್ಸುತ್ತೆ. 1906ರಲ್ಲಿ ಆ ಮಗನಿಗೆ ಮೂವತ್ತು ವರ್ಷ, ತಾಯಿ ಇದ್ದ ಜಾಗಕ್ಕೆ ರೈಲಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದಿತ್ತು.

ಕೊನೆಗೆ ನಾಲ್ಕನೇ ಡೆತ್ ಸರ್ಟಿಫಿಕೇಟ್ ತರಿಸಿದೆ, ಈ ಸಲ ಸರಿಯಾದ್ದು. ಕ್ಷಯ ಅಂತಿದೆ. ಸುದ್ದಿ ಕೊಟ್ಟವರು ಆಸ್ಪತ್ರೆಯ ಒಬ್ಬ ಅಧಿಕಾರಿ. ಉದ್ಯೋಗದ ಕಾಲಮ್ಮಲ್ಲಿ ಮುತ್ತಜ್ಜನ ಪೂರ್ತಿ ಹೆಸರು ಹಾಕಿ, ಇಂಥಾ ಊರಿನ ಹತ್ತಿ ನೇಯುವವನ ಹೆಂಡತಿ ಅಂತ ಬರೆದಿದಾರೆ.

ಅತ್ತೆ ಅದನ್ನ ಅಡುಗೆಮನೆ ಟೇಬಲ್ ಮೇಲಿಟ್ಟು ಓದಿದ್ರು, ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಓದಿದ್ರು, ಆಮೇಲೆ ಎದ್ದು ಹೋಗಿ ಬೈಬಲ್ ತಂದ್ರು. 1876ನ್ನ ಹೊಡೆದುಹಾಕ್ತಾರೆ ಅಂದ್ಕೊಂಡೆ, ಹಾಕ್ಲಿಲ್ಲ. ಅದರ ಪಕ್ಕ ಸಣ್ಣಗೆ 1906 ಅಂತ ಬರೆದ್ರು, ತಾರೀಖು ಸಮೇತ. ರೆಕಾರ್ಡ್ ಆಫೀಸಿಂದ ನಮಗೇ ಗೊತ್ತಿಲ್ದೆ ಬ್ಯಾಗಲ್ಲಿ ಬಂದ್ಬಿಟ್ಟಿದ್ದ ಪೆನ್ಸಿಲ್ಲಲ್ಲಿ.