ರ್‍ಯಾಡ್‌ಬರ್ನ್ ಸಾಲಿಗೆ 59 ಮೊಳೆಯೋ, 60 ಮೊಳೆಯೋ?

ಬೇಸ್‌ಬಾಲ್ ಗೆಲುವುಗಳನ್ನು ಮೊಳೆಯಲ್ಲಿ ತೋರಿಸುವ ನನ್ನ ಹಲಗೆ ಅಂತೂ ಮುಗಿಯಿತು! ಮೂರು ವಾರ ಒಂದೇ ಒಂದು ಮೊಳೆಗಾಗಿ ಕೆಲಸ ನಿಂತಿತ್ತು.

1884ರ ಬೇಸ್‌ಬಾಲ್ ಸೀಸನ್ ಇದು. ಒಬ್ಬ ಪಿಚರ್‌ಗೆ (ಚೆಂಡು ಎಸೆಯುವವನು, ಪಂದ್ಯದ ಗೆಲುವು ಬರೆಯೋದು ಅವನ ಹೆಸರಿಗೇ) ಒಂದು ಸಾಲು, ಒಂದು ಗೆಲುವಿಗೆ ಒಂದು ಹಿತ್ತಾಳೆ ಮೊಳೆ, ತಾರೀಖಿನ ಕ್ರಮದಲ್ಲಿ. ಆ ವರ್ಷ ಮೂರು ದೊಡ್ಡ ಲೀಗ್‌ಗಳಿದ್ದವು. ಲೂಯಿವಿಲ್‌ನ ಗೈ ಹೆಕರ್‌ಗೆ 52, ಬಾಸ್ಟನ್‌ನ ಚಾರ್ಲಿ ಬಫಿಂಟನ್‌ಗೆ 48, ಬಫಲೋದ ಪಡ್ ಗ್ಯಾಲ್ವಿನ್‌ಗೆ 46, ಬಾಲ್ಟಿಮೋರ್‌ನ ಬಿಲ್ ಸ್ವೀನಿಗೆ 40. ಇವೆಲ್ಲ ಎರಡೇ ದಿನದ ಕೆಲಸ. ತೂತು ಕೊರೆಯೋದು, ಉಜ್ಜೋದು ನಿಮಗೆ ಗೊತ್ತೇ ಇದೆ.

ತೊಡಕು ಬಂದದ್ದು ಪ್ರಾವಿಡೆನ್ಸ್‌ನ ಚಾರ್ಲ್ಸ್ ರ್‍ಯಾಡ್‌ಬರ್ನ್ ಸಾಲಿನಲ್ಲಿ. ಕೆಲವು ಪಟ್ಟಿಗಳಲ್ಲಿ 60 ಗೆಲುವು, ಕೆಲವದರಲ್ಲಿ 59. ಹುಡುಕುತ್ತಾ ಹೋದರೆ ಎಲ್ಲ ಬಂದು ನಿಲ್ಲೋದು ಜುಲೈ 28ರ ಫಿಲಡೆಲ್ಫಿಯಾ ಪಂದ್ಯದಲ್ಲಿ. ಪ್ರಾವಿಡೆನ್ಸ್‌ನವನೇ ಆದ ಸೈಕ್ಲೋನ್ ಮಿಲ್ಲರ್ ಒಂಬತ್ತರಲ್ಲಿ ಮೊದಲ ಐದು ಇನಿಂಗ್ಸ್ ಎಸೆದು 7-4ರ ಮುನ್ನಡೆಯಲ್ಲಿ ಚೆಂಡು ಬಿಟ್ಟುಕೊಟ್ಟ. ಉಳಿದ ನಾಲ್ಕು ಇನಿಂಗ್ಸ್‌ನಲ್ಲಿ ರ್‍ಯಾಡ್‌ಬರ್ನ್ ಒಂದು ರನ್ನೂ ಕೊಡಲಿಲ್ಲ. ಪಂದ್ಯ 11-4. ಇವತ್ತಿನ ನಿಯಮದ ಪ್ರಕಾರ ಗೆಲುವು ಮಿಲ್ಲರ್‌ನದು: ಶುರುಮಾಡಿದ ಪಿಚರ್ ಐದು ಇನಿಂಗ್ಸ್ ಎಸೆದು ಮುನ್ನಡೆಯಲ್ಲಿ ಬಿಟ್ಟು, ತಂಡ ಆ ಮುನ್ನಡೆ ಉಳಿಸಿಕೊಂಡರೆ ಗೆಲುವು ಅವನಿಗೇ. ಆದರೆ ಆ ನಿಯಮ ಬಂದದ್ದೇ 1950ರಲ್ಲಿ. ಅದಕ್ಕೂ ಮುಂಚೆ ಚೆನ್ನಾಗಿ ಎಸೆದವನಿಗೆ ಗೆಲುವು ಬರೆಯುವ ಹಕ್ಕು ಸ್ಕೋರರ್‌ಗಿತ್ತು.

60ನೇ ತೂತು ಖಾಲಿ ಬಿಡೋಣ ಅಂದುಕೊಂಡೆ. ಆಮೇಲೆ ಹೊಳೆಯಿತು: ತಾರೀಖಿನ ಕ್ರಮದಲ್ಲಿ ಈ ಗೆಲುವು ಬೀಳೋದು ಕೊನೆಗಲ್ಲ, ಸಾಲಿನ ನಡುವೆ! ಅದೂ ಎಂಥ ಜಾಗ. ತಂಡದ ಇನ್ನೊಬ್ಬ ಪಿಚರ್ ಚಾರ್ಲಿ ಸ್ವೀನಿ ಬಿಟ್ಟುಹೋಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎಲ್ಲ ಪಂದ್ಯಗಳ ಭಾರ ರ್‍ಯಾಡ್‌ಬರ್ನ್ ಭುಜದ ಮೇಲೆ. ಸೀಸನ್ನಿಗೆ 678ಕ್ಕೂ ಜಾಸ್ತಿ ಇನಿಂಗ್ಸ್! ಬೆಳಿಗ್ಗೆ ತಲೆ ಬಾಚಲೂ ಕೈ ಏಳುತ್ತಿರಲಿಲ್ಲ ಎಂಬ ಮಾತಿದೆ. ಅಂಥವನ ಸಾಲಿನ ನಡುವೆ ಖಾಲಿ ತೂತು ಬಿಡೋಕೆ ನನಗೆ ಮನಸ್ಸು ಬರಲಿಲ್ಲ.

ಬೇರೆ ಬಣ್ಣ ಇರಲಿ ಅಂತ ತಾಮ್ರದ ಮೊಳೆ ತರಿಸಿದೆ. ಅಂಗಡಿಯವರು ಕಳಿಸಿದ್ದು ತಾಮ್ರದ ಬಣ್ಣ ಬಳಿದ ಕಬ್ಬಿಣ. ಆಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿಕೊಂಡಿತು. ಎರಡನೇ ಸಲವೂ ಅದೇ ಸರಕು. ದುಡ್ಡು ಪೂರ್ತಿ ತಗೊಂಡು ಹೀಗಾ ಮಾಡೋದು?

ಕೊನೆಗೆ ಹಿತ್ತಾಳೆ ಮೊಳೆಯನ್ನೇ ಹೊಡೆದೆ, ಅರ್ಧ ಮಾತ್ರ. ಉಳಿದವೆಲ್ಲ ಹಲಗೆಗೆ ಅಂಟಿ ಕೂತಿವೆ, ಇದೊಂದು ನಾಲ್ಕು ಮಿಲಿಮೀಟರ್ ಮೇಲಿದೆ. ಸಂಜೆ ಬೆಳಕಿನಲ್ಲಿ ಅದರ ನೆರಳು ಪಕ್ಕದ ಎರಡು ಮೊಳೆಗಳ ಮೇಲೆ ಬೀಳುತ್ತದೆ. ಕಣ್ಣು ಮುಚ್ಚಿ ಸಾಲು ಸವರಿದರೂ ಜುಲೈ 28 ಬೆರಳಿಗೆ ಸಿಗುತ್ತದೆ.

ಮುಂದಿನದು 1904, ಜ್ಯಾಕ್ ಚೆಸ್‌ಬ್ರೋ, 41 ಗೆಲುವು. ಅವನಿಗೆ ಸೋಲಿನ ಸಾಲೂ ಬೇಕು. ಸೀಸನ್ನಿನ ಕೊನೆಯ ದಿನ ಬಾಸ್ಟನ್ ಎದುರು ಅವನ ಒಂದು ಎಸೆತ ಕ್ಯಾಚರ್‌ನ ಕೈ ತಪ್ಪಿ ಹೋಯಿತು, ಪೆನ್ನಂಟ್ (ಲೀಗ್ ಪ್ರಶಸ್ತಿ) ಅಲ್ಲೇ ಹೋಯಿತು. ಆ ಸೋಲಿಗೆ ಯಾವ ಮೊಳೆ ಹಾಕೋದು ಅಂತ ಈಗಲೇ ತಲೆಯಲ್ಲಿ ಓಡುತ್ತಿದೆ. ನಿಜವಾದ ತಾಮ್ರ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ.